ಪರವಾನಗಿ ಕೇಳಿದ ಕಾಗದ

ಬಾವಿಯ ಮೂರನೇ ಮೆಟ್ಟಿಲಿಗೆ ಇಳಿಯುವಷ್ಟರಲ್ಲಿ ಬ್ಲೀಚಿಂಗ್ ಪೌಡರಿನ ಘಾಟು ಪ್ರಣಿತಾಳ ಮೂಗಿಗೆ ಬಡಿಯಿತು. ಹೋದ ವರ್ಷ ಪಾಚಿಗಟ್ಟಿ ಹಸಿರಾಗಿದ್ದ ನೀರು ಈಗ ತಳದ ಕಲ್ಲು ಕಾಣುವಷ್ಟು ತಿಳಿಯಾಗಿತ್ತು. ಬೇರೆ ಯಾರೇ ಆಗಿದ್ದರೂ ಪುಣ್ಯ ಬಂತೆಂದು ಒಂದು ಬೊಗಸೆ ಕುಡಿಯುತ್ತಿದ್ದರು. ಇವಳು ಹಣೆ ಹಣೆ ಬಡಿದುಕೊಂಡಳು.

"ಸುಮೇಧ, ಹಾಳಾತಲ್ಲೋ! ಎಲ್ಲಾ ಹಾಳಾತು!"

ಸುಮೇಧ ಅವಳದೇ ಲ್ಯಾಬಿನ ಹುಡುಗ, ಸಂಶೋಧನೆಯಲ್ಲಿ ಅವಳಿಗಿಂತ ಎರಡು ವರ್ಷ ಹಿಂದೆ. ಹುಮನಾಬಾದಿನಿಂದ ಬೈಕಿನ ಮೇಲೆ ಅವಳನ್ನು ಕರೆತಂದವನು. ಮೆಟ್ಟಿಲ ಮೇಲೆಯೇ ಸಣ್ಣ ಸೂಕ್ಷ್ಮದರ್ಶಕ ಇಟ್ಟು ಒಂದು ಹನಿ ನೋಡಿದ. ಇನ್ನೊಂದು ನೋಡಿದ. ಎಂಟನೇ ಹನಿಗೆ ತಲೆಯೆತ್ತಿ, "ಒಂದೂ ಇಲ್ರೀ ಅಕ್ಕಾ," ಎಂದ.

ಅವರು ಹುಡುಕುತ್ತಿದ್ದದ್ದು ಒಂದೇ ಕೋಶದ, ಬಾಲವಿರುವ ಜೀವಿ. ಪ್ರಾಣಿಗಳ ವಂಶಕ್ಕೆ ಬಲು ಹತ್ತಿರದ ನೆಂಟ. ಬೇರೆಡೆ ಒಂಟಿಯಾಗಿ ಈಜಿಕೊಂಡಿರುವ ಅದು ಈ ಬಾವಿಯಲ್ಲಿ ಮಾತ್ರ, ಯಾವುದೋ ಬ್ಯಾಕ್ಟೀರಿಯಾ ಬಿಡುವ ರಸಾಯನದ ಸುಳಿವು ಹಿಡಿದು, ಹತ್ತಾರು ಕೂಡಿ ಹೂವಿನಂತೆ ಗುಂಪುಗಟ್ಟುತ್ತಿತ್ತು. ಪ್ರಾಣಿಗಳೇ ಇಲ್ಲದ ಕಾಲದಲ್ಲಿ ಒಂದು ಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸಲು ಹೇಗೆ ಕಲಿಯಿತು? ಅದರ ಗುಟ್ಟು ಇಲ್ಲಿದೆಯೆಂದು ಪ್ರಣಿತಾ ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಮೂರು ವರ್ಷ ಊಟ ನಿದ್ದೆ ಬಿಟ್ಟು ಕೂತಿದ್ದಳು. ಈ ಬೇಸಿಗೆಯಲ್ಲಿ ಫ್ರೀಜರ್ ಕೆಟ್ಟು ಅಲ್ಲಿಟ್ಟಿದ್ದವೆಲ್ಲ ಸತ್ತವು. ಹೋಗಲಿ, ಬಾವಿ ಎಲ್ಲಿಗೂ ಓಡಿಹೋಗುವುದಿಲ್ಲವಲ್ಲ ಎಂದು ಧೈರ್ಯ ತಂದುಕೊಂಡಿದ್ದಳು. ಇನ್ನೊಂದು ಬಾಟಲಿ ನೀರು ಸಿಕ್ಕು, ಅದೇ ಪ್ರಯೋಗ ಇನ್ನೊಮ್ಮೆ ಮಾಡಿದರೆ ಪಿಎಚ್‌ಡಿ. ಇಲ್ಲವಾದರೆ ಮೂರು ವರ್ಷ ಮಣ್ಣುಪಾಲು.

ಮೇಲಿನಿಂದ ಗಿರಿಜಾಬಾಯಿ ಕೊಡ ಹಿಡಿದು ಇಳಿದು ಬಂದಳು. ಬಾವಿಯ ಮಗ್ಗುಲಲ್ಲೇ ಮನೆ, ಹೊಲದ ಕೂಲಿ ಕೆಲಸ. ಹಿಂದಿನ ಎರಡು ಸಲವೂ ಪ್ರಣಿತಾಳಿಗೆ ಚಹಾ ಕುಡಿಸದೆ ಕಳಿಸಿರಲಿಲ್ಲ.

"ಜೈ ಭೀಮ್, ಆಯಿ," ಎಂದ ಸುಮೇಧ.

"ಜೈ ಭೀಮ್, ಜೈ ಭೀಮ್. ಬಂದ್ಯಾ ಮಗಳ? ನೋಡು, ನಿನ್ನ ಕಾಗದಕ್ಕ ಬಾವಿ ಹ್ಯಾಂಗ ಸಾಫ್ ಆಗ್ಯಾದ!"

"ನನ್ನ ಕಾಗದಕ್ಕ?"

"ಹೂಂ ಮತ್ತ! ನೀರಾಗ ಜೀವಾಣು ಸಿಕ್ಕಾವ, ಪರೀಕ್ಷಾ ಮಾಡಾಕ ಬರ್ತೀವಿ ಅಂತ ಯೂನಿವರ್ಸಿಟಿ ಸಿಕ್ಕಾ ಹೊಡದು ಬರದಿದ್ದಿಯಲ್ಲ? ಪಂಚಾಯ್ತಿಯವರ ಎದಿ ಹಾರಿಬಿಡ್ತು. ತನಿಖಿಗೆ ಬರಾಕತ್ತಾರಂತ ತಿಳ್ಕೊಂಡ್ರು. ಎರಡು ದಿನದಾಗ ಮೋಟಾರ್ ಹಚ್ಚಿ ನೀರು ಹೊಡದು, ರಾಡಿ ಎತ್ತಿ, ಚೀಲಗಟ್ಟಲೆ ಪೌಡರ್ ಸುರುವ್ಯಾರ. ಆರು ವರ್ಷ ಅರ್ಜಿ ಕೊಟ್ಟೀವಿ ನಾವು. ಒಬ್ಬ ಬಂದು ಇಣಿಕಿ ನೋಡಿದ್ದಿಲ್ಲ."

ಇನ್ನು ಬೈಯುವುದಾದರೂ ಯಾರಿಗೆ? ಮೂರು ವರ್ಷದ ಹಿಂದೊಮ್ಮೆ, ಹೋದ ವರ್ಷ ಇನ್ನೊಮ್ಮೆ ಯಾರನ್ನೂ ಕೇಳದೆ ನೀರು ತುಂಬಿಕೊಂಡು ಹೋಗಿದ್ದಳು. ಈ ಸಲ ಎಲ್ಲ ನಿಯಮದಂತೆ ಇರಲಿ, ಪಂಚಾಯ್ತಿಗೆ ಬರೆದು ಪರವಾನಗಿ ಕೇಳು ಎಂದು ಗೈಡ್ ಹೇಳಿದ್ದರು. ಅಪರೂಪದ ಜೀವಿ ಸಿಕ್ಕಿದೆ, ಊರಿಗೇ ಹೆಮ್ಮೆ ಎಂದು ತಾನೇ ಉಬ್ಬಿ ಉಬ್ಬಿ ಬರೆದಿದ್ದಳು. ಪ್ರಣಿತಾ ಒದ್ದೆ ಮೆಟ್ಟಿಲ ಮೇಲೆ ಕುಸಿದು ಕೂತು, ನಾಚಿಕೆ ಬಿಟ್ಟು ಅತ್ತಳು.

"ಅಯ್ಯ, ಯಾಕ ಅಳ್ತಿ ನನ್ನವ್ವ?"

"ಆ ಹೊಲಸು ನೀರೇ ಬೇಕಾಗಿತ್ತು ಆಯಿ ನನಗ. ಅದರಾಗಿನ ಜೀವಾ ಎಲ್ಲಾ ಸತ್ತುಹೋದ್ವು. ನನ್ನ ಬಾಳೇ ಹೋದಂಗಾತು."

ಗಿರಿಜಾಬಾಯಿ ಕೊಡ ಕೆಳಗಿಟ್ಟು ಪಕ್ಕದಲ್ಲಿ ಕೂತಳು. ಬೆನ್ನು ಸವರಿದಳು. ಆಮೇಲೆ ಏನೋ ಹೊಳೆದಂತೆ ಅವಳ ಕೈ ನಿಂತಿತು.

"ನೀರು ಹೊಲಸದ ಅಂತ ನಿನಗ ಮದಲೇ ಗೊತ್ತಿತ್ತೇನು?"

"ಗೊತ್ತಿತ್ತು. ಮದಲ್ನೇ ಸಲ ಬಂದಾಗೇ," ಎಂದುಬಿಟ್ಟಳು ಪ್ರಣಿತಾ. ಗೊತ್ತಿರದೆ ಏನು? ಚರಂಡಿಯಿಂದ ಇಳಿದವೂ ಸೇರಿ, ಆ ನೀರಿನಲ್ಲಿದ್ದ ಬ್ಯಾಕ್ಟೀರಿಯಾಗಳ ಒಂದೊಂದು ಹೆಸರೂ ಅವಳ ಪ್ರಬಂಧದ ಎರಡನೇ ಅಧ್ಯಾಯದಲ್ಲಿತ್ತು. ಸುಮೇಧ ಮುಖ ಆಚೆ ತಿರುಗಿಸಿದ.

"ನಲ್ಲಿ ನೀರು ಎಂಟು ದಿನಕ್ಕೊಮ್ಮಿ ಬರ್ತದ. ಉಳಿದ ದಿನ ಇದೇ ಕುಡೀತಿದ್ವಿ," ಎಂದಳು ಗಿರಿಜಾಬಾಯಿ. "ನನ್ನ ಮೊಮ್ಮಗಳು ಧನಶ್ರೀ, ಆರು ವರ್ಷದಾಕಿ, ಆಕಿಗ ಹ್ವಾದ ಮಳಿಗಾಲದಾಗ ವಾಂತಿ-ಭೇದಿ ಹತ್ತಿತು. ಬಸವಕಲ್ಯಾಣದ ದವಾಖಾನಿ ಮುಟ್ಟೂದ್ರಾಗ ಹೋಗಿಬಿಟ್ಟಳು. ನೀರಿಂದೇ ಆಗ್ಯಾದ ಅಂದ್ರು ಡಾಕ್ಟರು."

ಪ್ರಣಿತಾಳ ಅಳು ನಿಂತಿತು.

ಗಿರಿಜಾಬಾಯಿ ಎದ್ದು ಕೊಡ ತುಂಬಿಕೊಂಡು ಸೊಂಟಕ್ಕೇರಿಸಿದಳು. ನಾಲ್ಕು ಮೆಟ್ಟಿಲು ಹತ್ತಿ ಉಸಿರು ತೆಗೆದುಕೊಳ್ಳಲು ನಿಂತಳು.

"ಆ ಕಾಗದ ಮದಲ್ನೇ ಸಲ ಬಂದಾಗೇ ಬರೀಬೇಕಿತ್ತು, ಮಗಳ."