ನೀಲಿ ಕೆಸರು

"ಬಂಡೆ ಅಂತ ಹೇಳು. ತಳದಲ್ಲಿ ಬರೀ ಬಂಡೆ ಅನ್ನು. ಅಷ್ಟಕ್ಕೆ ನಿನ್ನ ನಾಲಿಗೆ ಸವೆಯಲ್ಲ," ಎಂದು ಪೆರ್ರಿನ್ ದೋಣಿಯನ್ನು ನೀರಿಗೆ ನೂಕಿದಳು. ಅವಳ ಗಂಡ, ಮೀನುಗಾರ ಜೋವಾನಿಸ್, ಹುಟ್ಟು ಹಾಕಿದ.

ಅವಳ ಸಿಟ್ಟಿನಲ್ಲಿ ತಪ್ಪಿರಲಿಲ್ಲ. ಫ್ರಾನ್ಸಿನ ದೊರೆ ಒಂದು ಸಹಿ ಹಾಕಿ ಹಳೆಯ ಬಂದರನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟಾಗ, ಇವರು ಮನೆ ಮಠ ಬಿಟ್ಟು ಈ ದ್ವೀಪಕ್ಕೆ ಬಂದಿದ್ದರು. ಮರಳ ಮೇಲೆ ಹರಡಿದರೆ ಕಾಡ್ ಮೀನು ಒಣಗುವುದಿಲ್ಲ, ಕೊಳೆಯುತ್ತದೆ. ಅದಕ್ಕೇ ಮೂರು ವರ್ಷ ಬೆನ್ನು ಮುರಿದು ದಡದ ತುಂಬ ನುಣುಪು ಕಲ್ಲು ಹಾಸಿದ್ದರು. ಈಗ ಫ್ರಾನ್ಸಿನಿಂದ ಬಂದ ಇಂಜಿನಿಯರ್, ಯುದ್ಧದ ಹಡಗಿನ ಲಂಗರು ಎಲ್ಲಿ ಗಟ್ಟಿಯಾಗಿ ಕಚ್ಚುತ್ತದೋ ಆ ದಡದಲ್ಲೇ ಕೋಟೆ ಮತ್ತು ನೌಕಾನೆಲೆ ಎಂದಿದ್ದ. ಇದ್ದದ್ದು ಎರಡೇ ದಡ. ಪೂರ್ವಕ್ಕೆ ಇವರ ಕಲ್ಲುಹಾಸು, ಪಶ್ಚಿಮಕ್ಕೆ ಪಾಳು. ತಳ ಬಲ್ಲವನು ಜೋವಾನಿಸ್ ಒಬ್ಬನೇ; ಹಾಗಾಗಿ ಇಂದು ಹಡಗಿಗೆ ಅವನನ್ನೇ ಕರೆಸಿದ್ದರು.

ಮಂಜಿನೊಳಗಿಂದ ಓಕ್ ಮರದ ಗೋಡೆಯೊಂದು ಎದ್ದು ಬಂತು. ಒಂದರ ಮೇಲೊಂದು ಎರಡು ಸಾಲು ತೋಪು. ಹಗ್ಗದ ಏಣಿ ಹತ್ತಿ ಮೇಲೆ ಬಂದವನಿಗೆ ಪಟಸ್ತಂಭದ ತುದಿಯೇ ಕಾಣಲಿಲ್ಲ. ಆರುನೂರು ಜನ, ಒಬ್ಬನೂ ಕೆಮ್ಮಲಿಲ್ಲ. ಎಲ್ಲರ ಕಣ್ಣೂ ಮೀನು ನಾರುವ ಈ ಮುದುಕನ ಮೇಲೆ. ಅವನು ಟೋಪಿ ತೆಗೆದ; ಯಾರಿಗೆಂದು ಅವನಿಗೇ ಗೊತ್ತಿರಲಿಲ್ಲ.

ತಳಭಾಗಕ್ಕೆ ಕೊಬ್ಬು ಮೆತ್ತಿ ಹಗ್ಗ ಕಟ್ಟಿದ ಸೀಸದ ಗುಂಡನ್ನು ತಮ್ಮ ದಡದ ಎದುರಿಗೇ ನೀರಿಗಿಳಿಸಿ ಮೇಲೆಳೆದ. ಕೊಬ್ಬಿಗೆ ಅಂಟಿ ಬಂದದ್ದು ನಾಲ್ಕು ಕಾಳು ಮರಳು. ಎರಡೂ ಕಡೆ ಬರುವುದು ಇಂಥದೇ ಮರಳು. ಅದರಡಿ ಏನಿದೆ ಎನ್ನುವುದು ನಾಲಿಗೆಗಷ್ಟೇ ಗೊತ್ತು. ಉಗುರಲ್ಲಿ ಕೆರೆದು ಬಾಯಿಗಿಟ್ಟ. ಪಶ್ಚಿಮದಲ್ಲಿ ಮರಳಿನಡಿ ಬಂಡೆ. ಇಲ್ಲಿ ಬಂಡೆ ಎಂದರೆ ಹಡಗು ಅಲ್ಲಿಗೇ ಹೋಗುತ್ತದೆ; ಅಲ್ಲಿ ಲಂಗರು ಬಿಟ್ಟರೆ ಮೊದಲ ಬಿರುಗಾಳಿಗೇ ಈ ಬೆಟ್ಟದಂಥ ಹಡಗು ದಡಕ್ಕೆ ಬಡಿದು ಚೂರಾಗುತ್ತದೆ.

"ಏನಯ್ಯಾ, ಏನಿದೆ ಕೆಳಗೆ?" ಎಂದ ಇಂಜಿನಿಯರ್.

ಮೇಲೆ ಹಗ್ಗಕ್ಕೆ ಜೋತುಬಿದ್ದ ನಾವಿಕನೊಬ್ಬ ಶಿಲುಬೆಯ ಗುರುತು ಮಾಡಿಕೊಂಡ.

"ಕೆಸರು, ಸ್ವಾಮಿ. ನೀಲಿ ಕೆಸರು. ಲಂಗರು ಬಿಡಿ, ಪ್ರಳಯ ಬಂದ್ರೂ ಜಗ್ಗಲ್ಲ."

ಲಂಗರು ಬಿದ್ದ ಸದ್ದಿಗೆ ಎರಡೂ ದಡದ ಹಕ್ಕಿಗಳು ಎದ್ದವು. ಹಡಗು ಮೆಲ್ಲಗೆ ಮೂತಿ ತಿರುಗಿಸಿ, ಹುಟ್ಟಿದಂದಿನಿಂದ ಅಲ್ಲೇ ಇದ್ದ ಹಾಗೆ ನಿಂತುಬಿಟ್ಟಿತು.

ಅವನು ದಡಕ್ಕೆ ಮರಳಿದಾಗ ಪೆರ್ರಿನ್ ಬೈಯಲಿಲ್ಲ. ಹಡಗಿನಲ್ಲಿ ಎಷ್ಟು ಜನ ಇದ್ದರು ಎಂದು ಮಾತ್ರ ಕೇಳಿದಳು. ಆರುನೂರು ಎಂದ. ಅವಳು ಹಡಗನ್ನೇ ನೋಡುತ್ತ ಅರೆ ಒಣಗಿದ ಮೀನನ್ನು ಬುಟ್ಟಿಗೆ ತುಂಬತೊಡಗಿದಳು.

ಮಧ್ಯಾಹ್ನದ ಹೊತ್ತಿಗೆ ಸಿಪಾಯಿಗಳು ಕಲ್ಲುಹಾಸಿನ ಸುತ್ತ ಗೂಟ ನೆಟ್ಟು, ಮೊಣಕಾಲೆತ್ತರಕ್ಕೆ ಹಗ್ಗ ಎಳೆದಿದ್ದರು. ಪೆರ್ರಿನ್ ಬುಟ್ಟಿ ಹೊತ್ತು ಅದನ್ನು ದಾಟಲು ಕಾಲೆತ್ತಿದಳು.

"ಅಜ್ಜಿ, ಅದು ಕೋಟೆ ಗೋಡೆ," ಎಂದ ಒಬ್ಬ ಸಿಪಾಯಿ, ನಗದೆ. "ಸುತ್ತಿ ಹೋಗಿ. ಬಾಗಿಲು ಆ ಕಡೆ."

ಅವಳು ಕಾಲನ್ನು ಕೆಳಗಿಟ್ಟಳು. ಹಗ್ಗದ ಮೇಲಿನ ಬರಿಗಾಳಿಯನ್ನು, ಕತ್ತು ನೋಯುವಷ್ಟು ಎತ್ತರದವರೆಗೂ ನೋಡಿದಳು. ಆಮೇಲೆ ಸುತ್ತಿ ನಡೆದು, ಹಗ್ಗ ಎಳೆಯದೆ ಬಿಟ್ಟಿದ್ದ ಎರಡು ಗೂಟಗಳ ನಡುವೆ ತಲೆ ತಗ್ಗಿಸಿ ಹೊರಗೆ ಹೋದಳು.