ಅರಿಷಿಣದ ನೀರು

“ಉಂಡ ಮನಿ ಜಂತಿ ಎಣಿಸಿದೆಲ್ಲೋ, ಮಕಬೂಲ!”

ವಕೀಲ ಬಿಂದುಮಾಧವರಾಯರು ಹೀಗೆ ಕೂಗಿದ್ದು ಧಾರವಾಡದ ನಡುಪೇಟೆಯಲ್ಲಿ, ಮಕಬೂಲಸಾಬನ ಮೋಟಾರು ರಿಪೇರಿ ಅಂಗಡಿಯೆದುರು, ರವಿವಾರದ ಮಧ್ಯಾಹ್ನ. ದೊಡ್ಡ ಮನುಷ್ಯರು ದನಿ ಎತ್ತಿದರೆ ಜನ ಸೇರಲು ಎಷ್ಟು ಹೊತ್ತು? ಸೇರಿತು.

೧೯೪೨ರ ನವೆಂಬರ್ ಅದು. ರಾಯರ ತಮ್ಮ ಬಾಳಕೃಷ್ಣ ಟೆಲಿಗ್ರಾಫ್ ತಂತಿ ಕಡಿದು ಮೂರು ತಿಂಗಳಿನಿಂದ ತಲೆಮರೆಸಿಕೊಂಡಿದ್ದ. ಕಂಡಲ್ಲಿ ಗುಂಡು ಹಾಕುತ್ತಾರೆ ಎಂಬ ಸುದ್ದಿ ಬೇರೆ. ಅವನನ್ನು ಆ ದಿನ ಬೆಳಿಗ್ಗೆ ಹುಬ್ಬಳ್ಳಿಯ ಕೇಶ್ವಾಪುರದ ಒಂದು ಪಾಳುಮನೆಯಲ್ಲಿ ಪೊಲೀಸರು ಹಿಡಿದಿದ್ದರು.

ಹಿಡಿಸಿಕೊಟ್ಟದ್ದು ರಾಯರ ಹಳೆಯ ಕಾರು. ಪ್ರತಿ ಶನಿವಾರ ಕೋರ್ಟಿನ ಕೆಲಸವೆಂದು ಹುಬ್ಬಳ್ಳಿಗೆ ಹೋಗಿ, ತಮ್ಮನಿಗೆ ಅಕ್ಕಿ, ಬೇಳೆ, ಮಸಾಲೆ ಮುಟ್ಟಿಸಿ, ಒಂದು ತಾಸು ಕೂತು ಮಾತಾಡಿಸಿ ಬರುತ್ತಿದ್ದರು. ಬೆನ್ನು ಹತ್ತಿದ ಪೊಲೀಸರಿಗೆ ಗಲ್ಲಿಗಳಲ್ಲಿ ಕಾರು ಒಂದು ಸಲವೂ ಸಿಕ್ಕಿರಲಿಲ್ಲ.

ಆ ವಾರ ಕಾರಿನ ರೇಡಿಯೇಟರಿನ ರಬ್ಬರ್ ಪೈಪು ಸೋರತೊಡಗಿತ್ತು. ಯುದ್ಧಕಾಲದಲ್ಲಿ ಹೊಸ ಪೈಪು ಎಲ್ಲಿಂದ ತರಬೇಕು? ಮಕಬೂಲಸಾಬ ಸೀಳಿದ ಜಾಗಕ್ಕೆ ಸೈಕಲ್ ಟ್ಯೂಬು ಸುತ್ತಿ, ತಂತಿ ಬಿಗಿದು, ನೀರು ತುಂಬಿ ಕೊಟ್ಟಿದ್ದ. ಶನಿವಾರ ಹೋಗುವಾಗ ಒಂದು ಹನಿಯೂ ಬೀಳಲಿಲ್ಲ. ಬರುವಾಗ ದಾರಿಯುದ್ದಕ್ಕೂ ಬಿತ್ತು. ಅದೂ ಹಳದಿ ನೀರು! ಯಾರೋ ರೇಡಿಯೇಟರಿನಲ್ಲಿ ಅರಿಷಿಣ ಕಲಸಿದ್ದರು. ಮರುದಿನ ಬೆಳಗಾಗುತ್ತಲೇ ಪೊಲೀಸರು ಆ ಹಳದಿ ಕಲೆ ಹಿಡಿದು ಹಿಂದಕ್ಕೆ ನಡೆದರು. ಮೊದಲ ಕಲೆ ಬಾಳಕೃಷ್ಣನ ಬಾಗಿಲಲ್ಲೇ ಇತ್ತು.

“ಸಣ್ಣ ಸೋರಿಕಿಗೆ ಅರಿಷಿಣಾ ಹಾಕ್ತಾರ್ರಿ ರಾಯರ, ಖರೇ,” ಎಂದ ಮಕಬೂಲಸಾಬ. “ಆದ್ರ ನಾ ಹಾಕಿಲ್ರಿ. ಟ್ಯೂಬ್ ಬಿಗದ ಮ್ಯಾಲ ಅದ್ಯಾಕ ಬೇಕ್ರಿ?”

“ಫೌಜದಾರಗ ಚೀಟಿ ಬಂದದ. ‘ವಕೀಲರ ಕಾರಿನ ಹಳದೀ ಹನಿ ಎಲ್ಲಿಂದ ಸುರು ಆಗ್ತದ ನೋಡ್ರಿ’ ಅಂತ. ಕೆಳಗ ‘ಒಬ್ಬ ಮಿಸ್ತ್ರಿ’ ಅಂತ ಬರದದ!”

“ನಾ ಹೆಬ್ಬಟ್ಟು ಒತ್ತಾಂವ್ರಿ. ಚೀಟಿ ಹ್ಯಾಂಗ ಬರೀಲಿ?”

“ಯಾರ ಕಡಿಂದರ ಬರಸಿರ್ತಿ. ಇನಾಮಿನ ಆಸೆ ಬಿಟ್ಟೀತೇನು?”

ಮುಗಿಯಿತು. ಎತ್ತು ಈಯಿತು ಅಂದರೆ ಕರು ಕೊಟ್ಟಿಗೆಗೆ ಕಟ್ಟು ಅನ್ನುವ ಊರು ಇದು. ಹನ್ನೆರಡು ವರ್ಷ ಆ ಮನೆಯ ಕಾರು ನೋಡಿಕೊಂಡ ಮನುಷ್ಯ ಇಂಥದ್ದು ಮಾಡಿಯಾನೇ ಎಂದು ಒಬ್ಬರಾದರೂ ಕೇಳಿದರೇ? ಇಲ್ಲ. ಎಲ್ಲರೂ ಬಾಳಕೃಷ್ಣನ ಧೈರ್ಯವನ್ನೇ ಕೊಂಡಾಡುತ್ತಿದ್ದರು. ಪೊಲೀಸರು ಹೋದಾಗ ಆತ ಸ್ನಾನ ಮುಗಿಸಿ, ಮೂರು ತಿಂಗಳ ಗಡ್ಡ ಬೋಳಿಸಿ, ಒಗೆದ ಧೋತರ ಉಟ್ಟು ಕೂತಿದ್ದನಂತೆ. ತಾನೇ ಎರಡೂ ಕೈ ಮುಂದೆ ಚಾಚಿದನಂತೆ. ಗಂಡಸು ಅಂದರೆ ಹೀಗಿರಬೇಕು ಎಂದಿತು ಊರು.

ಮಕಬೂಲಸಾಬನ ಅಂಗಡಿಗೆ ಕಾರು ಬರುವುದು ನಿಂತಿತು. ಸಂತೆಯಲ್ಲಿ ಎದುರಾದವರು ಉಗುಳಿ ದಾಟಿದರು. ಅದನ್ನೆಲ್ಲ ಅವನು ನುಂಗಿಕೊಂಡ. ಆದರೆ ಮಗಳು ಶಹಜಹಾನಬೇಗಂಳಿಗೆ ಗೊತ್ತಾಗಿದ್ದ ಗಂಡಿನ ಮನೆಯವರೂ ಹೇಳಿ ಕಳಿಸಿದರು, ಚಾಡಿಕೋರನ ಮನೆಯ ಹೆಣ್ಣು ನಮಗೆ ಬೇಡ ಎಂದು. ಆ ದಿನ ಮಾತ್ರ ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ನೆಲಕ್ಕೆ ಒಗೆದು ಅತ್ತುಬಿಟ್ಟ.

“ಊರು ಬಿಟ್ಟು ಹೋಗೋಣು ನಡೀರಿ,” ಎಂದಳು ಹೆಂಡತಿ ಅಖ್ತರಬೇಗಂ.

“ಹೋದ್ರ ಖರೇ ಅಂದಂಗಾತು. ಬಾಳೂ ಜೇಲಿನಿಂದ ಬರ್ಲಿ. ಅಂವ ಒಂದ ಮಾತ ಹೇಳಿದ್ರ ಸಾಕು, ನನ್ನ ಹೆಸರು ತೊಳದಂಗ ಆಗ್ತದ.”

ಅಷ್ಟು ನಂಬಿಕೆ. ಕಾಲೇಜು ಓದುವಾಗ ಬಾಳಕೃಷ್ಣ ಸಂಜೆಯೆಲ್ಲ ಈ ಅಂಗಡಿಯಲ್ಲೇ ಇರುತ್ತಿದ್ದ. ಕಾರು ನಡೆಸುವುದು, ಕೆಟ್ಟರೆ ಬಿಚ್ಚುವುದು, ಸೋರಿದರೆ ಕಟ್ಟುವುದು ಎಲ್ಲವನ್ನೂ ಕಲಿಸಿದವನು ಮಕಬೂಲಸಾಬನೇ. ಆತ ಕಾಕಾ ಎಂದು ಕರೆದರೆ ಇವನಿಗೆ ಹೊಟ್ಟೆ ತುಂಬುತ್ತಿತ್ತು.

ಎರಡು ವರ್ಷದ ಮೇಲೆ ಬಾಳಕೃಷ್ಣ ಬಿಡುಗಡೆಯಾಗಿ ಬಂದ. ಸ್ಟೇಶನ್ನಿನಿಂದಲೇ ಮೆರವಣಿಗೆ. ಕುತ್ತಿಗೆ ಕಾಣದಷ್ಟು ಹಾರ. ಅಂಗಡಿಯ ಮುಂದೆ ಬಂದಾಗ ಮಕಬೂಲಸಾಬ ನಡುರಸ್ತೆಗೆ ಹೋಗಿ ನಿಂತ. ಜನ ಹೋ ಎಂದು ಕೂಗಿ ಅವನನ್ನು ಬದಿಗೆ ನೂಕಲು ನೋಡಿದರು. ಅವನು ಕದಲಲಿಲ್ಲ.

“ಬಾಳೂ, ಒಂದ ಮಾತ ಹೇಳಪಾ. ನಿನ್ನ ಹಿಡಿಸಿದಾಂವ ನಾ ಅಲ್ಲ ಅಂತ ಇಷ್ಟೂ ಮಂದಿ ಮುಂದ ಹೇಳಿಬಿಡು. ನನ್ನ ಮಗಳ ಬಾಳೇ ಐತಿ ಇದರಾಗ.”

ಬಾಳಕೃಷ್ಣನ ಮುಖ ಬೆಳ್ಳಗಾಯಿತು. ಅಣ್ಣನ ಕಡೆ ನೋಡಿದ. ಜನರ ಕಡೆ ನೋಡಿದ. ಆಮೇಲೆ ತನ್ನ ಕೊರಳಿನ ಹಾರ ತೆಗೆದು ಮಕಬೂಲಸಾಬನ ಕೊರಳಿಗೆ ಹಾಕಿದ.

“ಕಾಕಾನ್ನ ನಾ ಕ್ಷಮಾ ಮಾಡೇನಿ!” ಎಂದು ಕೈ ಎತ್ತಿ ಕೂಗಿದ.

ಜಯಕಾರ ಮುಗಿಲು ಮುಟ್ಟಿತು. ಎಂಥ ದೊಡ್ಡ ಮನಸ್ಸು ಎಂದು ಕಣ್ಣೊರೆಸಿಕೊಂಡರು ಜನ. ಮಕಬೂಲಸಾಬ ಕೊರಳಿನ ಹಾರಕ್ಕೆ ಕೈ ಹಾಕಿದ. ಕ್ಷಮೆ ಮಾಡುವುದು ತಪ್ಪು ಮಾಡಿದವನಿಗೆ ಅಲ್ಲವೇ? ಬಾಯಿ ತೆರೆಯುವಷ್ಟರಲ್ಲಿ ಬಾಳಕೃಷ್ಣ ಅವನನ್ನು ಬಿಗಿಯಾಗಿ ತಬ್ಬಿಕೊಂಡು ಕಿವಿಯ ಹತ್ತಿರ ಬಾಯಿ ತಂದ.

“ಟ್ಯೂಬ್ ಸಡ್ಲ ಮಾಡಿ ಅರಿಷಿಣಾ ಕಲಸಿದಾಂವ ನಾನ, ಚೀಟಿ ಬರದಾಂವನೂ ನಾನ, ಕಾಕಾ. ಗುಂಡಿಗೆ ಅಂಜಿದೆ, ತಾನಾಗಿ ಶರಣಾದ ಅನ್ನಿಸಿಕೊಳ್ಳಿಕ್ಕೂ ಅಂಜಿದೆ. ಇಷ್ಟ ದಿನಾ ಹೊತ್ತೀರಿ, ಇನ್ನ ಮುಂದೂ ನೀವ ಹೊತ್ಕೊಳ್ರಿ.”