ಭಟ್ಟಿಗೆ ಬೀಗ

“ತಡ ಮಾಡಿದ್ರಲ್ಲ ಯಜಮಾನ್ರೇ! ಮಂದಿ ಆಗ್ಲೇ ಹೊಂಟೈತೆ,” ಎನ್ನುತ್ತಾ ಶಿವಕುಮಾರ ಹೊಸ ಬೀಗವೊಂದನ್ನು ಉಜ್ಜನಪ್ಪನ ಕೈಗಿಟ್ಟ. ಅವನ ಪಕ್ಷ ಗೆದ್ದು ಇನ್ನೂ ವಾರವಾಗಿರಲಿಲ್ಲ. ದಾವಣಗೆರೆಯ ಪಿ.ಜೆ. ಬಡಾವಣೆಯ ಈ ಮರಿ ಲೀಡರಿಗೆ ಗೆಲುವು ತಲೆಗೇರಿತ್ತು.

“ಹರಿಹರದ ಬಸ್ಸು ಸಿಗ್ಲಿಲ್ರಿ,” ಎಂದ ಉಜ್ಜನಪ್ಪ. ಮೈಯೆಲ್ಲ ಬೆವರು. ಮೊಣಕಾಲಿನ ತನಕ ಮಳಲು ಮೆತ್ತಿತ್ತು.

“ಮತ್ತೇನು, ಹೊಳ್ಯಾಗ ಈಜಿ ಬಂದ್ರಾ?” ಸುತ್ತಲಿದ್ದವರು ನಕ್ಕರು. ಉಜ್ಜನಪ್ಪ ಬಗ್ಗಿ ಮಳಲು ಕೊಡವಿಕೊಂಡ.

ಬೀಗ ಬೀಳಬೇಕಿದ್ದದ್ದು ಅಲ್ಲಾಬಕ್ಷನ ಮಂಡಕ್ಕಿ ಭಟ್ಟಿಗೆ. ಚುನಾವಣೆಯ ಭಾಷಣಗಳಲ್ಲೆಲ್ಲ ಅದೇ ರಾಗ: ನಮ್ಮವರು ಬೀದಿಗೆ ಬಿದ್ದರು, ಅವರು ಭಟ್ಟಿ ಕಟ್ಟಿದರು. ಹಿಂದೆ ಊರಿನ ಹತ್ತಿ ಮಿಲ್ಲಿನಲ್ಲಿ ಉಜ್ಜನಪ್ಪ ಮೇಸ್ತ್ರಿ, ಅಲ್ಲಾಬಕ್ಷ್ ನೂಲಿನ ಬುಟ್ಟಿ ಹೊರುವವ. ಮೇಸ್ತ್ರಿ ಬಂದರೆ ಎದ್ದು ನಿಲ್ಲುತ್ತಿದ್ದ. ಮಿಲ್ಲು ಮುಚ್ಚಿತು. ಬುಟ್ಟಿ ಹೊರುತ್ತಿದ್ದವನು ಧಣಿಯಾದ. “ನಂದು ಹೊಟ್ಟೆಪಾಡಿನ ಓಟು,” ಎಂದು ಉಜ್ಜನಪ್ಪ ಹರಿಹರದ ಚಹಾದಂಗಡಿಯಲ್ಲಿ ಹೇಳುತ್ತಿದ್ದರೆ ಕೇಳಿದವರೆಲ್ಲ ಲೊಚಗುಟ್ಟುತ್ತಿದ್ದರು.

ಶುಕ್ರವಾರ ಮಧ್ಯಾಹ್ನವೇ ಬೀಗ ಹಾಕಬೇಕೆಂದು ಹೇಳಿದವನೂ ಉಜ್ಜನಪ್ಪನೇ. “ಆಗ ಎಲ್ರೂ ನಮಾಜಿಗೆ ಹೋಗಿರ್ತಾರ್ರಿ. ಭಟ್ಯಾಗ ನರಪಿಳ್ಳೆ ಇರಂಗಿಲ್ಲ.” ಭಲೇ ಎಂದು ಶಿವಕುಮಾರ ಬೆನ್ನು ತಟ್ಟಿದ್ದ.

ಉಜ್ಜನಪ್ಪ ದಾರಿ ತೋರಿಸಿದಂತೆ ಮೆರವಣಿಗೆ ಭಟ್ಟಿಗಳೇ ತುಂಬಿದ್ದ ಗಲ್ಲಿ ಹೊಕ್ಕಿತು. ಘೋಷಣೆಯಲ್ಲಿ ಉಜ್ಜನಪ್ಪನ ದನಿಯೇ ಎಲ್ಲರಿಗಿಂತ ಮೇಲೆ. ಅದು ಬರೀ ಬಾಯಿಮಾತಿನ ಕೂಗಲ್ಲ. ಎಷ್ಟೋ ದಿನದಿಂದ ಒಳಗೇ ಬೇಯುತ್ತಿದ್ದ ಸಿಟ್ಟು. ಆದರೂ ಕೈಯಲ್ಲಿದ್ದ ಬೀಗವನ್ನು ಜೇಬಿಗಿಳಿಸಿದ. ಈ ಬಾಗಿಲು ಮುಚ್ಚಿದರೆ ಒಳಗೆ ದುಡಿಯುವವರ ಮನೆಯ ಒಲೆಯೂ ಆರುತ್ತದೆಂದು ಅವನಿಗೆ ಗೊತ್ತಿತ್ತು.

ಬಾಗಿಲು ಸುಮ್ಮನೆ ಮುಂದೆ ಮಾಡಿತ್ತು. ಶಿವಕುಮಾರ ತಳ್ಳಿದ. ಒಳಗೆ ಯಾರೂ ಇಲ್ಲ.

“ಮೊದ್ಲು ಒಲಿ ಒಡೀರಿ, ಆಮ್ಯಾಲೆ ಬೀಗ!” ಹಿಂದಿನಿಂದ ಯಾರೋ ಅರಚಿದರು. ಕೈಗೆ ಕಲ್ಲುಗಳು ಬಂದವು.

ಶಿವಕುಮಾರ ಥಟ್ಟನೆ ನಿಂತ. ಒಲೆಯ ಮುಖಕ್ಕೆ ಅಡ್ಡಲಾಗಿ ಮೂರು ಬೆರಳಿನ ವಿಭೂತಿ. ನಡುವೆ ಕುಂಕುಮ. ಮೇಲೆರಡು ಚೆಂಡುಹೂ. ಅವನು ಗಡಿಬಿಡಿಯಿಂದ ಚಪ್ಪಲಿ ಕಳಚಿ ಕೈಮುಗಿದ.

“ಏ, ಕಲ್ಲು ಕೆಳಗಿಡ್ರೋ! ಇದು ನಮ್ಮೋರ ಭಟ್ಟಿ ಐತೆ. ಎಂಥಾ ಅನಾಹುತ ಆಗ್ತಿತ್ತು! ಗಲ್ಲಿ ತಪ್ಪಿದ್ರಲ್ರೀ ಯಜಮಾನ್ರೇ.”

“ವಯಸ್ಸಾತು ನೋಡ್ರಿ. ಎಲ್ಲಾ ಭಟ್ಟಿನೂ ಒಂದೇ ಥರ ಕಾಣ್ತಾವೆ,” ಎಂದ ಉಜ್ಜನಪ್ಪ.

ಅಷ್ಟರಲ್ಲಿ ಪೊಲೀಸ್ ಜೀಪಿನ ಸದ್ದಾಯಿತು. ಮಂದಿ ಸಿಕ್ಕ ಸಿಕ್ಕ ಸಂದಿಯಲ್ಲಿ ಚದುರಿದರು. ಬೀಗ ಉಜ್ಜನಪ್ಪನ ಜೇಬಿನಲ್ಲೇ ಉಳಿಯಿತು.

ಮರುದಿನ ಬೆಳಿಗ್ಗೆ ಅಲ್ಲಾಬಕ್ಷ್ ಅಕ್ಕಿ ಚೀಲದ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಒಲೆಯ ಮುಂದೆ ಮೊಣಕಾಲೂರಿ, ಕಾದ ಮಳಲಿನಲ್ಲಿ ಅಕ್ಕಿ ಹುರಿಯುತ್ತಿದ್ದ ಆಳನ್ನು ಕೂತಲ್ಲಿಂದಲೇ ಕೇಳಿದ:

“ನಿನ್ನೆ ನಮಾಜಿಗೆ ಹೋಗುವಾಗ ಭಟ್ಟಿ ಕಾಯಾಕೆ ನಿನ್ನ ಬಿಟ್ಟು ಹೋದ್ರೆ, ಒಲಿಗೆ ವಿಭೂತಿ ಹಚ್ಚಿಟ್ಟು ಎಲ್ಲಿಗೆ ಹೋಗಿದ್ಯೋ ಉಜ್ಜನಪ್ಪ?”